ಬಾನೆಟ್ ಎತ್ತಿದೆ, ನಂಬರ್ ಓದಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಬರುವ ಹಳೇ ಕಾರು ಮಾರಾಟದ ಜಾಹೀರಾತುಗಳನ್ನು ನಾನು ದಿನಾ ಓದುತ್ತೇನೆ. ಕೊಳ್ಳೋದಕ್ಕಲ್ಲ, ಸುಮ್ನೆ ಅಭ್ಯಾಸ. ‘ಸಿಂಗಲ್ ಓನರ್, ಎಸಿ ಕೂಲಿಂಗ್, ಎಂಜಿನ್ ಸೂಪರ್’ ಅಂತ ಇರುತ್ತದೆ. ಎಂಜಿನ್ ಸೂಪರ್ ಇರಬಹುದು. ಆದರೆ ಅದು ಅದೇ ಕಾರಿನದ್ದಾ ಅಂತ ಯಾರೂ ಬರೆಯೋದಿಲ್ಲ. ನಾನೂ ಕೇಳಲಿಲ್ಲ. ಅದಕ್ಕೇ ಈ ಪತ್ರ.

ನಾನು ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ 31 ವರ್ಷ ಲೆಕ್ಕ ಬರೆದವನು. ಬಂದ ಭತ್ತದ ಚೀಲ, ಹೋದ ಅಕ್ಕಿಯ ಚೀಲ, ತವುಡು, ನುಚ್ಚು, ಎಲ್ಲಾ ಸಂಜೆಗೆ ತಾಳೆ ಆಗಬೇಕು. ಒಂದು ಚೀಲ ಹೆಚ್ಚು ಕಡಿಮೆ ಆದರೂ ರಾತ್ರಿ ಊಟ ಸೇರುತ್ತಿರಲಿಲ್ಲ. ಅಂಥವನು 2018ರಲ್ಲಿ ಒಂದು ಕಾರು ತೆಗೆದುಕೊಂಡೆ. 2009ರ ಟಾಟಾ ಇಂಡಿಕಾ ವಿಸ್ಟಾ, ಡೀಸೆಲ್, ಬಿಳಿ ಬಣ್ಣ, 1,85,000 ರೂಪಾಯಿ. ಮಾರಿದವರು ಪಕ್ಕದ ಜಿಲ್ಲೆಯವರು, ನಡುವೆ ಒಬ್ಬ ದಲ್ಲಾಳಿ. ಟೈರ್ ನೋಡಿದೆ. ಸ್ಟೆಪ್ನಿ ತೆಗೆಸಿ ಅದರ ಕೆಳಗೆ ತುಕ್ಕು ಹಿಡಿದಿದೆಯಾ ಅಂತ ನೋಡಿದೆ. ಸೀಟಿನ ಹೊಲಿಗೆ ಕೂಡ ನೋಡಿದೆ. ಬಾನೆಟ್ ಎತ್ತಿಸಿದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಮೇಲೆ ‘ಕ್ವಾಡ್ರಾಜೆಟ್’ ಅಂತ ಟಾಟಾ ಎಂಜಿನ್ನಿನ ಹೆಸರು ಕಂಡಿತು. ಸರಿ ಅಂತ ಬಾನೆಟ್ ಇಳಿಸಿದೆ. ನನ್ನ ತಪಾಸಣೆ ಅಲ್ಲಿಗೆ ಮುಗಿಯಿತು.

ಕಾರಿನ ಬಗ್ಗೆ ದೂರು ಹೇಳಿದರೆ ನಾಲಿಗೆ ಬಿದ್ದುಹೋದೀತು. ಆರು ವರ್ಷ ಎಲ್ಲೂ ಕೈ ಕೊಡಲಿಲ್ಲ. ಹುಲಿಗೆಮ್ಮನ ಹುಣ್ಣಿಮೆಗೆ, ಹೊಸಪೇಟೆ ಆಸ್ಪತ್ರೆಗೆ, ಸಿಂಧನೂರಿನ ಬೀಗರ ಮನೆಗೆ, ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡೇ ಓಡಿತು.

ಖಾಸಗಿ ಕಾರಿನ ನೋಂದಣಿ ಪತ್ರ, ಅಂದರೆ ಆರ್‌ಸಿಗೆ 15 ವರ್ಷ ಆಯಸ್ಸು. ಅದು ಮುಗಿಯುವ ಹೊತ್ತಿಗೆ ಇನ್ನೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿಗೆ ಶುಲ್ಕ 5,000 ರೂಪಾಯಿ ಆಗಿತ್ತು. ತಡ ಮಾಡಿದರೆ ತಿಂಗಳಿಗೆ 500 ಜಾಸ್ತಿ. ನಾನು ಲೆಕ್ಕದವನು, ದಂಡ ಕಟ್ಟೋ ಪೈಕಿ ಅಲ್ಲ. 2024ರಲ್ಲಿ ಮುಂಚಿತವಾಗಿಯೇ ಅರ್ಜಿ ಹಾಕಿ, ಕಾರು ತೊಳೆಸಿ, ಬೆಳಿಗ್ಗೆ ಹತ್ತಕ್ಕೆ ಸಾರಿಗೆ ಕಚೇರಿಯ ಮೈದಾನದಲ್ಲಿ ನಿಲ್ಲಿಸಿದೆ.

ಬ್ರೇಕ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಲೈಟ್, ಹಾರ್ನ್, ವೈಪರ್ ಎಲ್ಲ ನೋಡಿದರು. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಟೇಪ್ ಅಂಟಿಸಿ ಕಿತ್ತು, ಅಚ್ಚು ತೆಗೆದರು. ಅದು ತಾಳೆ ಆಯಿತು. ಆಮೇಲೆ ಎಂಜಿನ್ ನಂಬರ್. ಅದು ಇರೋದು ಎಂಜಿನ್ನಿನ ಲೋಹದ ಒಡಲಿನ, ಅಂದರೆ ಬ್ಲಾಕಿನ, ಕೆಳಭಾಗದಲ್ಲಿ, ಎಣ್ಣೆ ಧೂಳು ಮೆತ್ತಿ ಗಟ್ಟಿಯಾದ ಜಾಗ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಸಿದರು. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಯಜಮಾನ್ರೇ, ಇಲ್ಲಿ ಬನ್ನಿ’ ಅಂದರು. ನಾನೂ ಬಗ್ಗಿದೆ. ಕನ್ನಡಕ ಜಾರಿ ರೇಡಿಯೇಟರ್ ಮೇಲೆ ಬಿತ್ತು. ಎತ್ತಿಕೊಂಡು ಓದಿದೆ. ‘ಡಿ 13 ಎ’ ಅಂತ ಶುರು. ಆರ್‌ಸಿಯಲ್ಲಿ ಇರೋದೇ ಬೇರೆ.

‘ಇದು ಮಾರುತಿ ಎಂಜಿನ್ ಅಲ್ವಾ? ಸ್ವಿಫ್ಟ್‌ದು’ ಅಂದರು. ಅರ್ಜಿಯನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಅವರದ್ದೇನೂ ತಪ್ಪಿಲ್ಲ, ಅವರ ಕೆಲಸ ಅವರು ಮಾಡಿದರು.

ನಮ್ಮೂರಿನ ಮೇಸ್ತ್ರಿ ಹತ್ತಿರ ಹೋದೆ. ಆರು ವರ್ಷ ಈ ಕಾರಿಗೆ ಆಯಿಲ್ ಬದಲಿಸಿದ್ದು ಅವನೇ. ವಿಷಯ ಹೇಳಿದರೆ ಒಂಚೂರೂ ಗಾಬರಿ ಆಗಲಿಲ್ಲ. ‘ನನಗೆ ಮೊದಲನೇ ಸರ್ವಿಸ್‌ನಲ್ಲೇ ಗೊತ್ತಾಯ್ತು ಸರ್. ನಿಮಗೂ ಗೊತ್ತೈತಿ ಅಂದ್ಕೊಂಡಿದ್ದೆ’ ಅಂದ! ಮೇಲಿನ ಮುಚ್ಚಳ, ವೈರಿಂಗ್, ಕಂಪ್ಯೂಟರ್ ಡಬ್ಬಿ, ಮೌಂಟಿಂಗ್ ಬ್ರಾಕೆಟ್, ಗೇರ್‌ಬಾಕ್ಸ್ ಎಲ್ಲ ಹಳೇ ಕಾರಿನವೇ ಅಂತೆ. ನಡುವಿನ ಎಂಜಿನ್ ಮಾತ್ರ ಬೇರೆ. ಕೀಲಿಯನ್ನು ಗುರುತು ಹಿಡಿಯೋದು ಆ ಕಂಪ್ಯೂಟರ್ ಡಬ್ಬಿ. ಡಬ್ಬಿ ಹಳೇದೇ ಇದ್ದಿದ್ದರಿಂದ ಕಾರಿಗೆ ಅನುಮಾನವೇ ಬರಲಿಲ್ಲ.

ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಕಾರಿನಲ್ಲಿ ಅಷ್ಟು ಸಲೀಸಾಗಿ ಹೇಗೆ ಕೂತಿತು ಅಂತ ನನಗೆ ಆಶ್ಚರ್ಯ. ಇಲ್ಲಿ ಒಂದು ಕಥೆ ಇದೆ. ಆ ಎಂಜಿನ್ ಟಾಟಾದ್ದೂ ಅಲ್ಲ, ಮಾರುತಿಯದ್ದೂ ಅಲ್ಲ. ಹುಟ್ಟಿದ್ದು ಇಟಲಿಯ ಫಿಯಟ್ ಮನೆಯಲ್ಲಿ, ಹೆಸರು ಮಲ್ಟಿಜೆಟ್. 1248 ಸಿಸಿ, ನಾಲ್ಕು ಸಿಲಿಂಡರ್. 2007ರಲ್ಲಿ ಸ್ವಿಫ್ಟ್‌ಗೆ ಬಂತು, ಆಮೇಲೆ ಡಿಜೈರ್‌ಗೆ, ರಿಟ್ಜ್‌ಗೆ. ಮಾರುತಿಯವರು ಮಾನೇಸರ್‌ನಲ್ಲಿ ಮಾಡಿಕೊಂಡು ಡಿಡಿಐಎಸ್ ಅಂತ ಕರೆದರು. ಟಾಟಾದವರಿಗೆ ಪುಣೆ ಹತ್ತಿರದ ರಂಜನಗಾಂವ್ ಫ್ಯಾಕ್ಟರಿಯಿಂದ ಬಂತು, ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಆಯಿತು. ಎರಡೂ ಕಡೆ 75 ಕುದುರೆ ಶಕ್ತಿಯೇ. ಫಿಯಟ್‌ನ ಪುಂಟೋ, ಲೀನಿಯಾ, ಶೆವ್ರೊಲೆಯ ಸೇಲ್ ಕಾರಿನಲ್ಲೂ ಇದೇ. ‘ರಾಷ್ಟ್ರೀಯ ಎಂಜಿನ್’ ಅಂತ ತಮಾಷೆಗೆ ಕರೀತಿದ್ದರು. 2020ರಲ್ಲಿ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದಾಗ ಮಾರುತಿಯವರು ಅದನ್ನು ಕೈಬಿಟ್ಟರು.

ಮಿಲ್ಲಿನವನಿಗೆ ಇದು ಬೇಗ ಅರ್ಥ ಆಗುತ್ತದೆ. ಒಂದೇ ಗೋದಾಮಿನ ಸೋನಾ ಮಸೂರಿ, ಮೂರು ಹೆಸರಿನ ಚೀಲ. ಚೀಲದ ಮೇಲೆ ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ನವಿಲು. ಅನ್ನ ಮಾತ್ರ ಒಂದೇ ಥರ ಆಗುತ್ತದೆ.

ಆದರೆ ಸರ್ಕಾರ ನೋಡೋದು ಚೀಲದ ಮೇಲಿನ ಹೆಸರನ್ನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಸಿಕೊಂಡೆ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಪೆಟ್ರೋಲ್ ಗಾಡಿಗೆ ಗ್ಯಾಸ್ ಕಿಟ್ ಹಾಕಿಸಲು ದಾರಿ ಇದೆ, ಬ್ಯಾಟರಿಗೆ ಬದಲಿಸಲೂ ದಾರಿ ಇದೆ. ಹತ್ತು ಲಾರಿ ಇಟ್ಟವರಿಗೆ, ಸರ್ಕಾರ ಅನುಮತಿ ಕೊಟ್ಟರೆ, ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಬದಲಿಸಿಕೊಳ್ಳಲು ರಿಯಾಯಿತಿ ಇದೆ. ಒಂದು ಕಾರಿನ ಮುದುಕ ಮೊದಲು ಅರ್ಜಿ ಹಾಕಬೇಕು. ಅದೂ ಎಂಜಿನ್ ಕೂರಿಸುವ ಮುಂಚೆ. ನನ್ನದು ಕೂತು ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು.

ನಮ್ಮ ಮಿಲ್ ಸಾಹುಕಾರರ ಹತ್ತಿರ ಆ ಕಾಲದಲ್ಲಿ ಪ್ರೀಮಿಯರ್ 118 ಎನ್‌ಇ ಇತ್ತು. ಎನ್‌ಇ ಅಂದರೆ ನಿಸಾನ್ ಎಂಜಿನ್. ಮೈ ಫಿಯಟ್‌ದು, ಎದೆ ಜಪಾನಿನದು. ಅಂಬಾಸಿಡರ್‌ಗೆ ಇಸುಜು ಎಂಜಿನ್ ಬಂತು. ಮಾರುತಿ ಝೆನ್ ಡೀಸೆಲ್ ಒಳಗೆ ಫ್ರಾನ್ಸಿನ ಪ್ಯೂಜೊ ಎಂಜಿನ್ ಇತ್ತು. ಕಂಪನಿ ಮಾಡಿದರೆ ಹೊಸ ಮಾಡೆಲ್, ನಾವು ಮಾಡಿದರೆ ಅಪರಾಧ ಅಂತ ಮೊದಮೊದಲು ನನಗೂ ಸಿಟ್ಟು ಬಂತು. ಆಮೇಲೆ ಮೇಸ್ತ್ರಿ ಬಿಡಿಸಿ ಹೇಳಿದ. ಕಂಪನಿಯವರು ಎಂಜಿನ್ ಭಾರಕ್ಕೆ ತಕ್ಕಂತೆ ಮುಂದಿನ ಸ್ಪ್ರಿಂಗ್ ನೋಡುತ್ತಾರೆ, ಬ್ರೇಕ್ ನೋಡುತ್ತಾರೆ, ರೇಡಿಯೇಟರ್ ಸಾಲುತ್ತದಾ ಅಂತ ನೋಡುತ್ತಾರೆ, ಪುಣೆಯ ವಾಹನ ಪರೀಕ್ಷಾ ಸಂಸ್ಥೆಗೆ ಕಳಿಸಿ ಪರೀಕ್ಷೆ ಮಾಡಿಸುತ್ತಾರೆ. ಗ್ಯಾರೇಜಿನಲ್ಲಿ ನೋಡೋದು ಒಂದೇ, ಬಾನೆಟ್ ಮುಚ್ಚುತ್ತದಾ ಅಂತ. ನನ್ನ ಕಾರಿನ ಮಟ್ಟಿಗೆ ಭಾರವೂ ಅದೇ, ಶಕ್ತಿಯೂ ಅದೇ. ಆದರೆ ಸಣ್ಣ ಕಾರಿಗೆ ದೊಡ್ಡ ಎಂಜಿನ್ ಬೇಕು ಅಂತ ಕೇಳಿಕೊಂಡು ಹುಡುಗರು ಅವನ ಹತ್ತಿರ ಬರುತ್ತಾರಂತೆ. ಸುಗ್ಗಿಯಲ್ಲಿ ರಾತ್ರಿ ಹೊತ್ತು ಸಿಂಧನೂರು ರಸ್ತೆಯಲ್ಲಿ ಹಿಂದೆ ದೀಪವೇ ಇಲ್ಲದ ಭತ್ತದ ಟ್ರ್ಯಾಕ್ಟರುಗಳ ನಡುವೆ ಅಂಥ ಕಾರು ಓಡಿಸಿದರೆ ಆ ಸಣ್ಣ ಬ್ರೇಕ್ ಎಲ್ಲಿ ಹಿಡಿಯುತ್ತದೆ? ಅವರಿಗೆಲ್ಲ ರಿಯಾಯಿತಿ ಕೊಡಿ ಅಂತ ನಾನು ಕೇಳುತ್ತಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ‘ಕಾರು ಓಡ್ತಾ ಇದೆಯಲ್ಲ ಸರ್, ಮತ್ತೇನು?’ ಅಂದರು. ಎಂಜಿನ್ ತಂದ ಬಿಲ್ ಇದೆಯಾ ಅಂತ ಕೇಳಿದೆ. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಒಂದು ಚೀಟಿಯ ಫೋಟೊ ಬಂತು. ‘ಎಂಜಿನ್ ಒಂದು, ರೂ. 45,000.’ ಅಷ್ಟೇ. ತಾರೀಖಿಲ್ಲ, ಸೀರಿಯಲ್ ನಂಬರ್ ಇಲ್ಲ, ಯಾವ ಕಾರಿನಿಂದ ಬಿಚ್ಚಿದ್ದು ಅಂತ ಇಲ್ಲ, ಸಹಿ ಇಲ್ಲ. ಇಂಥ ಚೀಟಿಗೆ ನಾನು ಒಂದು ಚೀಲ ತವುಡೂ ಹೊರಗೆ ಬಿಟ್ಟವನಲ್ಲ. ಆ ಎಂಜಿನ್ ಇದ್ದ ಸ್ವಿಫ್ಟ್ ಅಪಘಾತವಾಗಿ ಗುಜರಿಗೆ ಹೋಗಿತ್ತೋ, ಯಾರ ಮನೆ ಮುಂದಿಂದಲೋ ಕಳುವಾಗಿತ್ತೋ? ಅದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ವರ್ಷ ಕಟ್ಟಿದ ಇನ್ಶೂರೆನ್ಸ್ ಪಾಲಿಸಿಯಲ್ಲೂ ಹಳೇ ನಂಬರೇ ಇದೆ. ಏನಾದರೂ ಆಗಿದ್ದರೆ ಇನ್ಶೂರೆನ್ಸ್‌ನವರು ಈ ಕಾರನ್ನು ‘ನಮ್ಮ ಪಾಲಿಸಿಯದ್ದೇ’ ಅಂತ ಒಪ್ಪಿಕೊಳ್ಳುತ್ತಿದ್ದರಾ?

ಒಬ್ಬ ಏಜೆಂಟ್ ಸುಲಭದ ದಾರಿ ಹೇಳಿದ. ಬ್ಲಾಕ್ ಮೇಲಿನ ನಂಬರ್ ಗ್ರೈಂಡ್ ಮಾಡಿ, ಆರ್‌ಸಿ ನಂಬರ್ ಪಂಚ್ ಹೊಡೆಸಿ, ಮೇಲೆ ಸ್ವಲ್ಪ ಗ್ರೀಸ್ ಮಣ್ಣು ಮೆತ್ತಿಬಿಡೋದು. ‘ಮೂರು ಸಾವಿರ ಕೊಡಿ, ಸಂಜೆಗೆ ಕಾರು ತಗೊಂಡು ಹೋಗಿ.’ ಸುಳ್ಳು ಹೇಳಲ್ಲ, ಮನಸ್ಸು ಅರೆಗಳಿಗೆ ಆ ಕಡೆ ವಾಲಿತು. ಅದು ಬರೀ ದಂಡದ ತಪ್ಪಲ್ಲ, ಕಳ್ಳರು ಮಾಡೋ ಕೆಲಸ. ಲೆಡ್ಜರಿನಲ್ಲಿ ಬ್ಲೇಡ್ ಹಾಕಿ ಅಂಕಿ ಕೆರೆದವರನ್ನು ನಮ್ಮ ಸಾಹುಕಾರರು ಅದೇ ದಿನ ಮನೆಗೆ ಕಳಿಸುತ್ತಿದ್ದರು. ಎದ್ದು ಬಂದೆ.

ನಾನು ಕೇಳೋದು ಇಷ್ಟು. ಹಳೇ ಕಾರು ಕೈ ಬದಲಾಗುವಾಗ ಎಂಜಿನ್ ನಂಬರನ್ನು ಕಣ್ಣಾರೆ ನೋಡದೆ ಹೆಸರು ವರ್ಗಾವಣೆ ಆಗಬಾರದು. ನನ್ನ ಕಾರು 2018ರಲ್ಲಿ ನನ್ನ ಹೆಸರಿಗೆ ಬಂದಾಗ ಹೋಗಿದ್ದು ಕಾಗದ ಮಾತ್ರ, ಕಾರು ನಮ್ಮ ಮನೆ ಮುಂದೆಯೇ ನಿಂತಿತ್ತು. ಅವತ್ತೇ ಯಾರಾದರೂ ಬಗ್ಗಿ ನೋಡಿದ್ದರೆ ಮಾರಿದವರನ್ನು ಹಿಡಿದು ಕೇಳಬಹುದಿತ್ತು. ಆರು ವರ್ಷದ ಮೇಲೆ ಯಾರನ್ನು ಕೇಳಲಿ? ಇನ್ನು, ಗೊತ್ತಿಲ್ಲದೆ ಕೊಂಡು ಸಿಕ್ಕಿಬಿದ್ದವರಿಗೆ ಒಂದು ದಾರಿ ಇರಲಿ. ಎಂಜಿನ್ ಕಳವಿನದ್ದಲ್ಲ ಅಂತ ಪೊಲೀಸರು ಬರೆದುಕೊಟ್ಟರೆ, ಸಿಸಿ ಇಂಧನ ಎಲ್ಲ ಒಂದೇ ಇದ್ದರೆ, ಹೊಗೆ ಮತ್ತು ಬ್ರೇಕ್ ಪರೀಕ್ಷೆ ಪಾಸಾದರೆ, ದಂಡ ಹಾಕಿಯೇ ಆರ್‌ಸಿ ತಿದ್ದಿ ಕೊಡಲಿ. ದಂಡ ಕಟ್ಟಲು ನಾನು ತಯಾರಿದ್ದೇನೆ, ಜೀವನದಲ್ಲಿ ಮೊದಲ ಸಲ.

ಕೊಳ್ಳುವವರಿಗೆ ಒಂದು ಮಾತು. ಗಾಡಿ ವಿವರ ತೋರಿಸೋ ಮೊಬೈಲ್ ಆ್ಯಪ್‌ನಲ್ಲಿ ಕಾಣೋದು ಕಡತದಲ್ಲಿ ಇರೋದು, ಬಾನೆಟ್ ಕೆಳಗೆ ಇರೋದಲ್ಲ. ಹೋಗುವಾಗ ಒಂದು ಹಳೇ ಬನಿಯನ್ ತುಂಡು, ಸ್ವಲ್ಪ ಡೀಸೆಲ್, ಟಾರ್ಚ್ ಇಟ್ಟುಕೊಳ್ಳಿ. ಮಾರುವವರು ‘ಬಟ್ಟೆ ಹೊಲಸಾಗ್ತಾವ್ರೀ, ಬಿಡ್ರಿ’ ಅಂದರೆ ಇನ್ನೂ ಜಾಸ್ತಿ ಬಗ್ಗಿ.

ಕಾರು ಈಗ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿದೆ. ಸಿಂಧನೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಕಳೆದ ತಿಂಗಳು ಅಳಿಯನನ್ನು ಕರೆದುಕೊಂಡು, ಎಂಜಿನ್ ಬದಲಿಸಿದ ಆ ಗ್ಯಾರೇಜನ್ನು ಹುಡುಕಿ ಹೋದೆ. ಜಗಳಕ್ಕಲ್ಲ, ಏನಾದರೂ ಕಾಗದ ಸಿಗಬಹುದು ಅಂತ. ಕಾಗದ ಇರಲಿಲ್ಲ. ಹಿಂದೆ ಬೇವಿನ ಮರದ ಬುಡದಲ್ಲಿ ಹಳೇ ಎಂಜಿನ್‌ಗಳ ರಾಶಿ ಇತ್ತು. ಒಂದು ಬ್ಲಾಕನ್ನು ಕಾಲಲ್ಲಿ ತೋರಿಸಿ ‘ಅದೇ ಇರಬೇಕು ನೋಡಿ’ ಅಂದರು. ಆಯಿಲ್ ಇಲ್ಲದೆ ಓಡಿಸಿದ್ದರಂತೆ. ಪಕ್ಕದಲ್ಲಿ ಮುಷ್ಟಿ ಹಿಡಿಸುವಷ್ಟು ತೂತು, ಅದರೊಳಗೆ ಇರುವೆ ಗೂಡು. ಅಳಿಯ ಟಾರ್ಚ್ ಹಿಡಿದ, ನಾನು ಉಗುರಿನಿಂದ ಮಣ್ಣು ಕೆರೆದೆ. ಇನ್ನೊಂದು ಕೈಯಲ್ಲಿ ಆರ್‌ಸಿ. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಜೋರಾಗಿ ಓದಿದೆ. ಕೊನೆಯ ಅಂಕಿಯವರೆಗೂ ತಾಳೆ ಆಯಿತು.

‘ತಗೊಂಡು ಹೋಗ್ತೀರಾ? ಗುಜರಿ ರೇಟಿಗೇ ಕೊಡ್ತೀವಿ’ ಅಂದರು ಗ್ಯಾರೇಜಿನವರು.

ಇತಿ,
ನಿಮ್ಮ ಓದುಗ, ನಿವೃತ್ತ ಮಿಲ್ ಗುಮಾಸ್ತ
ಗಂಗಾವತಿ, ಕೊಪ್ಪಳ ಜಿಲ್ಲೆ