ಮನೆಯ ಫೋನಿನಲ್ಲಿ ಗೂಢಚಾರಿ ಆಪ್: ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ಹೋಂವರ್ಕ್, ನೋಟ್ಸ್, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಈಗ ತರಗತಿಯ ವಾಟ್ಸಾಪ್ ಗ್ರೂಪಿಗೆ ಬರುತ್ತವೆ. ಅದನ್ನು ನೋಡಲು ಮಕ್ಕಳು ಹಿಡಿಯುವುದು ಹೆಚ್ಚಾಗಿ ನಿಮ್ಮದೇ ಫೋನ್. ಫೋನ್‌ಪೇ, ಬ್ಯಾಂಕಿನ ಮೆಸೇಜು, ಆಧಾರ್ ಕಾರ್ಡಿನ ಫೋಟೊ ಇರುವುದೂ ಅದರಲ್ಲೇ. ಅದಕ್ಕಾಗಿ ಈ ಪತ್ರ.

ಗೂಢಚಾರಿ ತಂತ್ರಾಂಶ, ಅಂದರೆ ಫೋನಿನೊಳಗೆ ಕೂತು ಮಾಹಿತಿ ಕದಿಯುವ ಆಪ್, ಎಂದೊಡನೆ 2021ರಲ್ಲಿ ಸುದ್ದಿಯಾದ ಪೆಗಾಸಸ್ ನೆನಪಾಗಬಹುದು. ಅದು ಸರ್ಕಾರಗಳಿಗೆ ಮಾರುವ ದುಬಾರಿ ಸರಕು. ನಮ್ಮ ನಿಮ್ಮ ಮನೆಯ ತಲೆನೋವು ಅದಲ್ಲ. ನಮ್ಮಲ್ಲಿಗೆ ಬರುವುದು ಎಪಿಕೆ ಫೈಲ್. ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂದೆಲ್ಲ ಹೆಸರಿಟ್ಟುಕೊಂಡು ವಾಟ್ಸಾಪ್‌ನಲ್ಲಿ ಬರುತ್ತದೆ. ಕಳಿಸಿದವರು ಗುರುತಿನವರೇ ಎಂಬುದು ಭರವಸೆಯಲ್ಲ, ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು. ಫೈಲಿನ ಹೆಸರಿನ ತುದಿಯಲ್ಲಿ ಚುಕ್ಕೆ, ಆಮೇಲೆ ಎ-ಪಿ-ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಅದು ಪತ್ರವಲ್ಲ, ಚಿತ್ರವೂ ಅಲ್ಲ, ಆಪ್. ಮುಟ್ಟಬೇಡಿ.

ಮಕ್ಕಳ ಕಡೆಯಿಂದ ಇದು ಬರುವುದು ಆಟದ ದಾರಿಯಲ್ಲಿ. ಫ್ರೀ ಫೈರ್ ಎಂಬ ಮೊಬೈಲ್ ಆಟ 2022ರ ಫೆಬ್ರವರಿಯಲ್ಲಿ ನಿಷೇಧವಾದ ಮೇಲೂ ಅದನ್ನು ಪ್ಲೇ ಸ್ಟೋರ್‌ನ ಹೊರಗೆ ಹುಡುಕುವವರಿದ್ದಾರೆ. 'ಡೈಮಂಡ್ ಫ್ರೀ' (ಆಟದೊಳಗಿನ ಹಣ ಉಚಿತ), 'ಮಾಡ್' (ಬೇರೆಯವರು ತಿದ್ದಿದ ಆಟ) ಎಂದು ಸಿಗುವ ಫೈಲುಗಳೊಳಗೆ ಏನಿದೆಯೆಂದು ಯಾರೂ ಪರೀಕ್ಷಿಸಿರುವುದಿಲ್ಲ.

ಆಪ್ ಒಳಗೆ ಬಂದ ಮಾತ್ರಕ್ಕೆ ಎಲ್ಲವೂ ಅದರ ವಶವಾಗುವುದಿಲ್ಲ. ನಾವು ಒತ್ತುವ 'ಅಲೋ' ಅದಕ್ಕೆ ಬೇಕು. ಎಸ್‌ಎಂಎಸ್ ಅನುಮತಿ ಸಿಕ್ಕರೆ ಒಟಿಪಿ ನೀವು ಓದುವ ಮೊದಲೇ ಕಳ್ಳನಿಗೆ ತಲುಪುತ್ತದೆ. ಇದಕ್ಕಿಂತ ಕೆಟ್ಟದ್ದು 'ಆಕ್ಸೆಸಿಬಿಲಿಟಿ'. ದೃಷ್ಟಿದೋಷ ಇರುವವರಿಗೆ ನೆರವಾಗಲೆಂದು ಮಾಡಿದ ಈ ಸೌಲಭ್ಯ ಪಡೆದ ಆಪ್, ಪರದೆಯ ಮೇಲಿನ ಅಕ್ಷರಗಳನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ನನ್ನೂ ಒತ್ತಬಲ್ಲದು. ಆಂಡ್ರಾಯ್ಡ್ 13ರಿಂದ ಈಚೆಗೆ, ಹೊರಗಿನಿಂದ ಹಾಕಿಕೊಂಡ ಆಪ್‌ಗೆ ಇದನ್ನು ಕೊಡಹೋದರೆ ಫೋನೇ ತಡೆಯುತ್ತದೆ. ಆ ತಡೆ ತೆಗೆಯುವುದು ಹೇಗೆಂದು ಯಾರಾದರೂ ಕರೆ ಮಾಡಿ ಹೇಳಿಕೊಟ್ಟರೆ, ಅವರು ಕಳ್ಳರೆಂದೇ ತಿಳಿಯಿರಿ.

ಇವತ್ತು ರಾತ್ರಿಯೇ ನೋಡಿಬಿಡಿ. ಮೆನು ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಸೆಟ್ಟಿಂಗ್ಸ್‌ನ ಮೇಲ್ಗಡೆಯ ಹುಡುಕುವ ಜಾಗದಲ್ಲಿ ಹೆಸರು ಬರೆಯುವುದೇ ಸುಲಭ. 'ಅನ್‌ನೋನ್ ಆಪ್ಸ್' ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲಕ್ಕೂ ಅನುಮತಿ ತೆಗೆಯಿರಿ. ಇದೊಂದು ಮಾಡಿದರೂ ಅರ್ಧ ಬಾಗಿಲು ಹಾಕಿದಂತೆ. ಆಮೇಲೆ ಆಕ್ಸೆಸಿಬಿಲಿಟಿಯಲ್ಲಿ ನೀವು ಹಾಕಿಕೊಂಡ ಆಪ್‌ಗಳ ಪಟ್ಟಿ ತೆರೆದು, ಗುರುತಿಲ್ಲದ್ದು ಆನ್ ಆಗಿದ್ದರೆ ಆಫ್ ಮಾಡಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಆಪ್‌ಗಳನ್ನು ಪರೀಕ್ಷಿಸುವ ಪ್ಲೇ ಪ್ರೊಟೆಕ್ಟ್‌ನಲ್ಲಿ 'ಸ್ಕ್ಯಾನ್' ಕೊಡಿ. ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್'ನಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಲಾಗೌಟ್ ಮಾಡಿ.

ತೆಗೆಯಲು ಹೋದರೆ 'ಅನ್‌ಇನ್‌ಸ್ಟಾಲ್' ಮಸುಕಾಗಿದೆಯೇ? ಆ ಆಪ್ 'ಡಿವೈಸ್ ಅಡ್ಮಿನ್' ಆಗಿ, ಅಂದರೆ ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದು ಕೂತಿರಬಹುದು. ಮೊದಲು ಅಲ್ಲಿಂದ ಇಳಿಸಿ, ನಂತರ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ ಪ್ರಯತ್ನಿಸಿ. ಅಲ್ಲಿ ಹೊರಗಿನ ಆಪ್‌ಗಳು ಓಡುವುದಿಲ್ಲ.

ಹಣ ಹೋಗಿದ್ದರೆ ಕ್ರಮ ಬೇರೆ. ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯೇ ನೋಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದೆ ಸಾಗುವ ಮುನ್ನ ತಡೆಯಬೇಕಾದ್ದರಿಂದ, ನೆಂಟರನ್ನೆಲ್ಲ ಕೇಳಿ ನಿರ್ಧರಿಸುವಷ್ಟು ಸಮಯವಿಲ್ಲ. ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಲ್ಲೇ ಆಗಬೇಕು, ಇಲ್ಲದಿದ್ದರೆ ಹೊಸದೂ ಕಳ್ಳನಿಗೆ ಸಿಗುತ್ತದೆ. ಗಾಬರಿಯಲ್ಲಿ ಫೋನ್ ರೀಸೆಟ್ ಮಾಡಬೇಡಿ, ಅದರಿಂದ ಎಲ್ಲ ಅಳಿಸಿಹೋಗುತ್ತದೆ. ಬಂದ ಮೆಸೇಜು, ಫೈಲಿನ ಹೆಸರು, ಕಳಿಸಿದ ನಂಬರು ದೂರಿಗೆ ಬೇಕಾಗುತ್ತವೆ.

ಇನ್ನೊಂದು ಮಾತು, ಕೆಲವರಿಗೆ ಇಷ್ಟವಾಗದಿರಬಹುದು. ಮಗ ಅಥವಾ ಮಗಳಿಗೆ ತಿಳಿಯದಂತೆ ಕಣ್ಣಿಡುವ ಆಪ್‌ಗಳನ್ನು ದಯವಿಟ್ಟು ಹಾಕಬೇಡಿ. 'ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ' ಎಂದು ಮೊದಲೇ ಕೇಳುವ ಆಪ್, ಮಕ್ಕಳ ಫೋಟೊ, ಮೆಸೇಜು, ಇರುವ ಜಾಗ ಎಲ್ಲವನ್ನೂ ಯಾರದೋ ಸರ್ವರ್‌ಗೆ ಸಾಗಿಸುತ್ತಿರುತ್ತದೆ. ಮೇಲ್ವಿಚಾರಣೆ ಬೇಕಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತ. ಅದು ಗುಟ್ಟಾಗಿ ಕೆಲಸ ಮಾಡುವುದಿಲ್ಲ, ಮಗುವಿಗೂ ಗೊತ್ತಿರುತ್ತದೆ. ಹಾಗೆಯೇ ತಪ್ಪಾಗಿ ಏನೋ ಒತ್ತಿದೆ ಎಂದು ಮಕ್ಕಳು ಬಂದು ಹೇಳಿದಾಗ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಶಾಲೆಯ ಗ್ರೂಪಿನಲ್ಲಿ ನಾವು ಕಳಿಸುವುದು ಪಿಡಿಎಫ್ ಮತ್ತು ಫೋಟೊ ಮಾತ್ರ. ಫಲಿತಾಂಶ, ವಿದ್ಯಾರ್ಥಿವೇತನ, ಶುಲ್ಕ ಯಾವುದಕ್ಕೂ ಆಪ್ ಕಳಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ. ನಮ್ಮ ಶಿಕ್ಷಕರ ಹೆಸರಿನಲ್ಲಿ ಹಾಗೆ ಬಂದರೆ ತೆರೆಯದೆ ಶಾಲೆಗೆ ಕರೆ ಮಾಡಿ.

ಇದೆಲ್ಲ ಒಬ್ಬರೇ ಮಾಡಲು ಕಷ್ಟವೆನಿಸಿದರೆ ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ಫೋನ್ ಚಾರ್ಜ್ ಮಾಡಿಕೊಂಡು ತನ್ನಿ. ಪಿನ್ ನಮಗೂ ಹೇಳಬೇಡಿ, ನೀವೇ ಒತ್ತಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು