ಉತಾರದಲ್ಲಿ ಸಿಕ್ಕ ಹಿರಿಯಜ್ಜಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅಜ್ಜ ಹೋದ ಮೇಲೆ ವಾರಸಾ ಮಾಡಿಸೋದು ಮಾಮಾನ ಕೆಲಸ, ನೀನ್ಯಾಕವ್ವಾ ನೂರು ವರ್ಷದ ಹಿಂದಿನ ಕಾಗದ ಹಿಡಿದುಕೊಂಡು ಕೂತಿದ್ದೀಯ ಅಂತ. ಆಗ ರೋಣದಿಂದ ಗದಗಕ್ಕೆ ಬರೋ ಬಸ್ಸಿನಲ್ಲಿದ್ದೆ, ಗದ್ದಲದಲ್ಲಿ ಹೇಳೋಕೆ ಆಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸೋ ವಿಷಯವೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಓಡಾಟದಲ್ಲಿ ಪುರುಸೊತ್ತು ಸಿಕ್ಕಾಗ ಓದು.

ಇದು ಶುರುವಾದದ್ದು ವಂಶಾವಳಿಯಿಂದ. ಅಜ್ಜನ ಹೆಸರಿನಲ್ಲಿರುವ ಹೊಲ ಮಕ್ಕಳ ಹೆಸರಿಗೆ ಬರಬೇಕಾದರೆ ನಾಡಕಚೇರಿಯಲ್ಲಿ ವಂಶಾವಳಿ ಮಾಡಿಸಬೇಕು. ಮಾಮಾ ಒಂದು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದ. ಮೇಲೆ ಮುತ್ತಜ್ಜನ ಹೆಸರು, ಕೆಳಗೆ ಅಜ್ಜ, ಅದರ ಕೆಳಗೆ ನಾವು ಮೂವರು. ನನ್ನ ಹೆಸರು ಯಾರೂ ಹೇಳದೇ ಅವನೇ ಬರೆದಿದ್ದ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಮುತ್ತಜ್ಜನ ಮೇಲೆ ಯಾರು ಅಂತ ಸುಮ್ನೆ ಕೇಳಿದೆ. ಅವರ ಅಪ್ಪನ ಹೆಸರು ಉತಾರದಲ್ಲೇ (ಹೊಲದ ಪಹಣಿಯಲ್ಲೇ) ಇದೆ, ಮಾಮಾ ತಟ್ಟನೆ ಹೇಳಿದ. ಅವ್ವನ ಹೆಸರು? ಮಾಮಾನಿಗೆ ಗೊತ್ತಿಲ್ಲ. ಚಿಕ್ಕ ಮಾಮಾನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂದರೆ ನಿನ್ನ ಅಜ್ಜನ ಸ್ವಂತ ಅಜ್ಜಿ ಯಾರು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸದ್ಯಕ್ಕೆ ಅವರನ್ನು ಹಿರಿಯಜ್ಜಿ ಅಂತಲೇ ಕರೆಯುತ್ತೇನೆ.

ಹಿರಿಯಜ್ಜಿಯ ಗಂಡನ ಬಗ್ಗೆ ಮಾತ್ರ ನಮ್ಮಲ್ಲಿ ಕಥೆಗೆ ಬರವಿರಲಿಲ್ಲ, ನೀನೂ ಕೇಳಿದ್ದೀಯ. ಬ್ರಿಟಿಷರ ವಿರುದ್ಧದ ನರಗುಂದದ ಬಂಡಾಯದಲ್ಲಿ ಅಲ್ಲಿನ ದೊರೆ ಬಾಬಾಸಾಹೇಬನ ಕಡೆ ಹೋರಾಡಿ ಸತ್ತರು ಅನ್ನೋದು. ಅಣ್ಣತಮ್ಮಿಕೆಯ ಮನೆಯ ಕಾಕಾ ಹಬ್ಬಕ್ಕೆ ಸೇರಿದಾಗಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು. ಅದಕ್ಕೆ ಆಧಾರ ದೇವರ ಮನೆಯ ಗಂಟಿನಲ್ಲಿದ್ದ ಒಂದು ಚೀಟಿ. ಸತ್ತ ದಿನ ನೆನಪಿರಲಿ ಅಂತ ಯಾರೋ ಬರೆದಿಟ್ಟದ್ದು. ಕಾಳಯುಕ್ತಿ ಸಂವತ್ಸರ, ಆಶ್ವೀಜ ಮಾಸ ಅಂತಿದೆ, ಶಕ ವರ್ಷ ಬರೆದಿಲ್ಲ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? ಕಾಕಾ ಪಂಚಾಂಗ ನೋಡಿ 1858 ಅಂತ ಲೆಕ್ಕ ಹಾಕಿದ್ದರು, ಆ ವರ್ಷ ನರಗುಂದದಲ್ಲಿ ಬಂಡಾಯ ಆಗಿತ್ತು, ನರಗುಂದ ನಮಗೆ ಪಕ್ಕದ ತಾಲ್ಲೂಕು, ಅಲ್ಲಿಗೆ ಕಥೆ ಕೂಡಿಬಂತು.

ಆದರೆ ನೋಡು. ಅಜ್ಜನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಖು 1-6-1936. ನಮ್ಮ ಕಡೆ ಆ ಕಾಲದ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ, ಮಾಸ್ತರು ಶಾಲೆಗೆ ಸೇರಿಸಿಕೊಳ್ಳುವಾಗ ಅದನ್ನೇ ಬರೆದುಕೊಳ್ಳುತ್ತಿದ್ದರು. ಹಾಗಾಗಿ ದಿನ ನಂಬೋ ಹಾಗಿಲ್ಲ, ವರ್ಷ ಒಂದೆರಡು ಆಚೀಚೆ ಇರಬಹುದು ಅಷ್ಟೇ. ಮುತ್ತಜ್ಜನ ಅಪ್ಪ 1858ರಲ್ಲಿ ಸತ್ತಿದ್ದರೆ, ಅಜ್ಜ ಹುಟ್ಟುವಾಗ ಮುತ್ತಜ್ಜನಿಗೆ 78 ಆಗಿರಬೇಕು! ಇನ್ನೊಂದು, ನರಗುಂದದಲ್ಲಿ ಗಲಾಟೆ ಶುರುವಾದದ್ದು ಮೇ ಕೊನೆಗೆ. ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿಯೂ ಆಗಿತ್ತು. ಆಶ್ವೀಜ ಬರೋದು ಅಕ್ಟೋಬರ್ ಸುಮಾರಿಗೆ. ಕಾಳಯುಕ್ತಿ ಮತ್ತೆ ಬಂದದ್ದು 1918ರಲ್ಲಿ. 1918ರ ಅಕ್ಟೋಬರ್ ಅಂದ ಕೂಡಲೇ ನನಗೆ ಹೊಳೆಯಿತು, ಅದು ದೊಡ್ಡ ಜ್ವರದ ಕಾಲ.

ಇನ್‌ಫ್ಲುಯೆಂಜಾ. ಕೊರೊನಾ ಬಂದಾಗ ಟೀವಿಯಲ್ಲಿ ಅದರ ಬಗ್ಗೆ ಬಹಳ ಹೇಳಿದರು. ಜೂನ್‌ನಲ್ಲಿ ಮುಂಬಯಿಗೆ ಬಂತು, ಸೆಪ್ಟೆಂಬರ್ ಹೊತ್ತಿಗೆ ಎರಡನೇ ಸಲ ಎದ್ದಾಗ ಜನ ಹುಳದ ಹಾಗೆ ಸತ್ತರು. ಕಡಿಮೆ ಅಂದರೂ 1 ಕೋಟಿ 20 ಲಕ್ಷ ಜನ ಇಡೀ ದೇಶದಲ್ಲಿ ಹೋದರು ಅನ್ನುತ್ತಾರೆ. 1921ರ ಜನಗಣತಿಯಲ್ಲಿ ಹತ್ತು ವರ್ಷದ ಹಿಂದಿಗಿಂತ ಜನಸಂಖ್ಯೆ ಕಡಿಮೆಯೇ ಆಗಿತ್ತು. ಮುದುಕರು, ಕೂಸುಗಳಿಗಿಂತ ಗಟ್ಟಿಮುಟ್ಟಾದ 20ರಿಂದ 40ರ ಪ್ರಾಯದವರನ್ನೇ ಅದು ಜಾಸ್ತಿ ಎಳೆದುಕೊಂಡಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು.

ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು, ರೋಣ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ನೀನು ಇನ್ನೂ ಹುಟ್ಟಿರಲಿಲ್ಲ. ಊರಿನ ಹುಟ್ಟು ಸಾವುಗಳನ್ನು ಊರ ಗೌಡರೇ ಬರೆಸಿ ಇಡಬೇಕಿತ್ತು. ಆ ವಹಿ ರೆಕಾರ್ಡ್ ರೂಮಿನಲ್ಲಿ ನೋಡೋಕೆ ಸಿಕ್ಕಿತು. ಹಾಳೆಯ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ, ಉಸಿರು ಬಿಗಿಹಿಡಿದೇ ತಿರುವಬೇಕು. ಸಾವಿನ ಕಾರಣಕ್ಕೆ ಒಂದು ಕಾಲಂ ಇದೆ. ಹಿಂದಿನ ಹಾಳೆಗಳಲ್ಲಿ ಕಾಲರಾ, ಮೈಲಿ (ಸಿಡುಬು), ಭೇದಿ ಅಂತ ಒಂದೊಂದು ಕಡೆ ಒಂದೊಂದು. 1918ರ ಅಕ್ಟೋಬರ್‌ಗೆ ಬಂದರೆ ಜ್ವರ, ಜ್ವರ, ಜ್ವರ. ಅದರ ಕೆಳಗೆ ಮತ್ತೆ ಜ್ವರ. ಸ್ವಲ್ಪ ಕೆಳಗೆ ಬರೆಯುವವನು ಆ ಶಬ್ದವನ್ನೂ ಬಿಟ್ಟು ಎರಡು ಸಣ್ಣ ಗೆರೆ ಎಳೆಯುತ್ತಾ ಹೋಗಿದ್ದಾನೆ, ಮೇಲಿನದೇ ಅಂತ. ಅಂಥ ಒಂದು ಗೆರೆಯ ಸಾಲಿನಲ್ಲಿ ನಿನ್ನ ಅಜ್ಜನ ಅಜ್ಜ ಇದ್ದಾರೆ. ವಯಸ್ಸು 32. ನನಗೆ ಅಲ್ಲೇ ಅಳು ಬಂತು. ಬಂಡಾಯದಲ್ಲಿ ಸತ್ತಿದ್ದರೆ ಹೆಮ್ಮೆ ಪಡುತ್ತಿದ್ದೆವೇನೋ, ಆದರೆ ಆ ಊರಿಗೆ ಊರೇ ಮಲಗಿದ್ದಾಗ ಹೋದ ಈ ಮನುಷ್ಯ ನನಗೆ ಆ ಕಥೆಯ ವೀರನಿಗಿಂತ ಹತ್ತಿರದವರಾದರು.

ಇಷ್ಟರಲ್ಲಿ ಹಿರಿಯಜ್ಜಿಯ ಸುಳಿವೇ ಇರಲಿಲ್ಲ. ಅವರು ಸಿಕ್ಕಿದ್ದು ಹೊಲದ ಕಾಗದದಲ್ಲಿ.

ಹಳೇ ಸರ್ವೆ ಪುಸ್ತಕದಲ್ಲಿ ಒಂದು ನಂಬರಿಗೆ ಒಬ್ಬ ಖಾತೇದಾರನ ಹೆಸರು, ಅಷ್ಟೇ. ಕಂದಾಯ ಯಾರು ಕಟ್ಟುತ್ತಾರೆ ಅನ್ನೋದೇ ಸರಕಾರಕ್ಕೆ ಬೇಕಾಗಿದ್ದದ್ದು. 1903ರಲ್ಲಿ ಮುಂಬಯಿ ಸರಕಾರ ಹಕ್ಕಪತ್ರದ ಕಾಯ್ದೆ ತಂದ ಮೇಲೆ ಹೊಲದ ಮೇಲೆ ಯಾರ ಯಾರ ಹಕ್ಕಿದೆ, ಸಾಲ ಎಷ್ಟಿದೆ, ಸತ್ತರೆ ಮುಂದೆ ಯಾರು, ಎಲ್ಲ ಬರೆಯೋದು ಶುರುವಾಯಿತು. ಬದಲಾವಣೆ ಆದಾಗಲೆಲ್ಲ ಒಂದು ನೋಂದು ಬೀಳುತ್ತದೆ, ಅದಕ್ಕೇ ನಮ್ಮ ಕಡೆ ಡೈರಿ ಅನ್ನೋದು. ಇವತ್ತಿನ ಉತಾರದಲ್ಲಿರುವ ಡೈರಿ ನಂಬರ್ ಹಿಡಿದು ಅದರ ಹಿಂದಿನದು, ಅದರ ಹಿಂದಿನದು ಅಂತ ಹೋಗಬೇಕು. ಕಂಪ್ಯೂಟರ್ ಉತಾರ ಬಂದದ್ದು ಈಚೆಗೆ, ಅದಕ್ಕೂ ಹಿಂದಿನದೆಲ್ಲ ಕೈಬರಹ. ಈಗ ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಗಳಲ್ಲಿ ಹಳೇ ಕಡತ ಸ್ಕ್ಯಾನ್ ಮಾಡುತ್ತಿದ್ದಾರೆ, ಬಹಳ ಒಳ್ಳೆಯ ಕೆಲಸ, ಹುಳ ತಿನ್ನೋಕೆ ಮುಂಚೆ ಎಲ್ಲ ಮುಗಿಯಲಿ.

ಹಾಗೆ ಹಿಂದೆ ಹಿಂದೆ ಹೋಗಿ 1919ರ ಡೈರಿ ಸಿಕ್ಕಿತು. ಖಾತೇದಾರ ಮಯತ ಆಗಿದ್ದಾನೆ, ಅಂದರೆ ಸತ್ತಿದ್ದಾನೆ, ವಾರಸುದಾರ ಮಗ ಅಜ್ಞಾನ, ಅಂದರೆ ಇನ್ನೂ ಪ್ರಾಯಕ್ಕೆ ಬಂದಿಲ್ಲ, ವಯಸ್ಸು 8, ಅವನ ಪಾಲನಕರ್ತಳು ತಾಯಿ. ಆಮೇಲೆ ಹೆಸರು. ಪೂರ್ತಿ ಹೆಸರು, ಕೋಂ ಅಂತ ಬರೆದು ಗಂಡನ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದೇನೆ, ದೊಡ್ಡದು ಮಾಡಿಕೊಂಡು ನೀನೇ ಓದು. ಮಸಿ ಕಂದಿದೆ, ಆದರೆ ಅಕ್ಷರ ದುಂಡಗಿವೆ.

ಮುಂದಿನದನ್ನು ಕೇಳು. ಅದೇ ವರ್ಷ ಇನ್ನೊಂದು ಡೈರಿ: ಎರೆ ಹೊಲದ ಮೇಲೆ ಸಾಹುಕಾರನ ಬೋಜಾ, ಅಂದರೆ ಸಾಲದ ಹೊರೆ. ಗಂಡ ಇಲ್ಲ, ಮಳೆ ಇಲ್ಲ, ಎಂಟು ವರ್ಷದ ಮಗ, ಸಾಲ ಮಾಡದೇ ಇನ್ನೇನು ಮಾಡಿಯಾರು? ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿತ್ತು ಅಂತ ನಾವು ಅಭಿಮಾನದಿಂದ ಹೇಳುತ್ತೇವೆ, ಆದರೆ ಈ ಹೆಣ್ಣುಮಗಳಿಗೆ ಸಿಕ್ಕಿದ್ದು ಸಾಹುಕಾರನೇ. ನಾನು ಎದೆ ಗಟ್ಟಿಮಾಡಿಕೊಂಡು ಮುಂದಿನ ಪುಟ ತೆಗೆದೆ. ಹೊಲ ಸಾಹುಕಾರನ ಹೆಸರಿಗೆ ಹೋಗಿರುತ್ತದೆ ಅಂದುಕೊಂಡೆ, ಎಷ್ಟು ಮನೆಗಳ ಹೊಲ ಹಾಗೇ ಹೋದವು. ಹೋಗಿರಲಿಲ್ಲ. 1927ರಲ್ಲಿ ಬೋಜಾ ಕಮ್ಮಿ ಅಂತ ಡೈರಿ ಇದೆ. ಎಂಟು ವರ್ಷ! ಆ ಎಂಟು ವರ್ಷ ಅವರು ಏನು ಬೆಳೆದರು, ಏನು ಮಾರಿದರು, ಯಾರ ಹೊಲದಲ್ಲಿ ಕೂಲಿಗೆ ಹೋದರು, ಯಾವ ಕಾಗದವೂ ಹೇಳೋದಿಲ್ಲ. ಸಾಲ ತೀರಿತು ಅನ್ನೋದು ಮಾತ್ರ ಇದೆ. ಆಮೇಲೆ ಮಗ ಪ್ರಾಯಕ್ಕೆ ಬಂದ ಅಂತ ಬರೆದು ಪಾಲನಕರ್ತಳ ಹೆಸರಿಗೆ ಕೆಂಪು ಮಸಿಯಲ್ಲಿ ಕಂಸ ಹಾಕಿ ತೆಗೆದಿದ್ದಾರೆ. ಅಲ್ಲಿಂದ ಮುಂದೆ ಯಾವ ಕಾಗದದಲ್ಲೂ ಅವರಿಲ್ಲ. ನಿನ್ನ ಅಜ್ಜ ಓದಿದ್ದು, ನಾನು ಓದಿದ್ದು, ನನ್ನ ಮದುವೆ, ಎಲ್ಲ ಆ ಹೊಲದ ಜೋಳ, ಕಡಲೆ, ಹತ್ತಿಯ ದುಡ್ಡಿನಲ್ಲೇ.

ಹೆಸರು ಹಿಡಿದುಕೊಂಡು ಅವ್ವಕ್ಕನ ಹತ್ತಿರ ಹೋದೆ. ಅಜ್ಜನ ತಂಗಿ, ನನ್ನ ಸೋದರತ್ತೆ, ನೀನು ಸಣ್ಣವಳಿದ್ದಾಗ ಅವರ ಮನೆಯಲ್ಲಿ ಮಾದಲಿ ತಿಂದು ಮಲಗಿಬಿಡುತ್ತಿದ್ದೆಯಲ್ಲ, ಅವರೇ. ಊರೆಲ್ಲ ಅವರನ್ನು ಅವ್ವಕ್ಕ ಅಂತಲೇ ಕರೆಯುತ್ತದೆ. ಡೈರಿಯಲ್ಲಿದ್ದ ಹೆಸರು ಓದಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, 'ಅದು ನನ್ನ ಹೆಸರಲ್ಲೇನ?' ಅಂದರು. ಒಳಗಿಂದ ಆಧಾರ್ ಕಾರ್ಡ್ ತರಿಸಿ ತೋರಿಸಿದರು. ಹೌದು, ಅದೇ ಹೆಸರು. ಹಿರಿಯಜ್ಜಿ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗಳಿಗೆ ಅವರ ಹೆಸರೇ ಇಟ್ಟಿದ್ದಾರೆ. ಆದರೆ ಅವ್ವಕ್ಕನ ತಾಯಿ, ಅಂದರೆ ನಿನ್ನ ಮುತ್ತಜ್ಜಿ, ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ. ಆಗಿನ ಸೊಸೆಯರು ಹೇಳುತ್ತಿರಲಿಲ್ಲ. ಹಾಗಾಗಿ ಮಗಳನ್ನು ಅವ್ವಕ್ಕಾ ಅಂತ ಕರೆದರು, ಕೇಳಿದವರೂ ಹಾಗೇ ಕರೆದರು. ಮುತ್ತಜ್ಜ ಬೇಗ ಹೋದರು, ಅಜ್ಜನಿಗೆ ಆಗ ಒಂಬತ್ತೋ ಹತ್ತೋ. ಹೆಸರು ಹೇಳಬಹುದಾಗಿದ್ದ ಒಬ್ಬರೂ ಹಾಗೆ ಇಲ್ಲವಾದರು. ಮರ್ಯಾದೆ ಕೊಡುತ್ತಾ ಕೊಡುತ್ತಾ ಒಬ್ಬ ಮನುಷ್ಯಳನ್ನೇ ಮರೆತುಬಿಟ್ಟೆವು, ಇದು ನನಗೆ ಈಗಲೂ ಸಂಕಟದ ವಿಷಯ.

ಹೋದ ಸುಗ್ಗಿಯಲ್ಲಿ ಹೆಳವರು, ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರು, ಬಂದಿದ್ದರು. ಮೊದಲು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ಈಗ ಬೈಕು. ವಹಿ ತೆಗೆದು ಓದಿದರು: ಮೂಲ ಪುರುಷ, ಯಾವ ಊರು ಬಿಟ್ಟು ಇಲ್ಲಿಗೆ ಬಂದದ್ದು, ಯಾರ ಮಗ ಯಾರು, ಒಂಬತ್ತು ತಲೆಮಾರು ಗಡಗಡ ಅಂತ. ಎಲ್ಲ ಗಂಡಸರೇ. ಹಿರಿಯಜ್ಜಿಯ ತವರು ಯಾವುದು ಅಂತ ಕೇಳಿದೆ. 'ಹೆಣ್ಮಕ್ಕಳದ್ದು ಅವರ ತವರಮನಿ ಹೆಳವರ ವಹಿಯೊಳಗ ಇರ್ತದವ್ವಾ, ನಮ್ಮದರೊಳಗ ಬರೂದಿಲ್ಲ' ಅಂದರು. ಒಂದೊಂದು ಹೆಳವರ ಮನೆಗೆ ಒಂದಷ್ಟು ಮನೆತನ ಹಂಚಿಕೆಯಾಗಿರುತ್ತದೆ. ತವರೂರು ಗೊತ್ತಾದರೆ ಅಲ್ಲಿನ ಹೆಳವರನ್ನು ಹುಡುಕಬಹುದು. ವಾರದ ಹಿಂದೆ ಅವ್ವಕ್ಕ ನೆನಪು ಮಾಡಿಕೊಂಡು ಹೇಳಿದರು, ಅಜ್ಜಿಯ ಕಡೆಯವರು ಮುಂಡರಗಿ ದಿಕ್ಕಿನಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು, ಬರುವಾಗ ದಾರಿಯಲ್ಲಿ ಡಂಬಳದ ಕೆರೆ ಸಿಗುತ್ತಿತ್ತು ಅಂತ ಅವರವ್ವ ಹೇಳುತ್ತಿದ್ದಳಂತೆ. ಊರಿನ ಹೆಸರು ಬಾಯಿಗೆ ಬರುತ್ತಿಲ್ಲ.

ಅದಕ್ಕೇ ನಿನ್ನನ್ನು ಕೇಳೋದು. ದೀಪಾವಳಿಗೆ ಎರಡು ದಿನ ಜಾಸ್ತಿ ರಜೆ ಹಾಕು. ಅವ್ವಕ್ಕನಿಗೆ 85 ದಾಟಿದೆ. ನನ್ನ ಹತ್ತಿರ ಹೇಳದ್ದನ್ನು ಮೊಮ್ಮಕ್ಕಳ ಹತ್ತಿರ ಹೇಳುತ್ತಾರೆ. ಊರಿನ ಹೆಸರನ್ನೇ ಕೇಳಬೇಡ. ಹಬ್ಬಕ್ಕೆ ಯಾರು ಬರುತ್ತಿದ್ದರು, ಬುತ್ತಿಯಲ್ಲಿ ಏನು ಕಟ್ಟಿಕೊಂಡು ಬರುತ್ತಿದ್ದರು, ಯಾವ ದೇವರ ಜಾತ್ರೆಗೆ ಕರೆಯುತ್ತಿದ್ದರು, ಇಂಥದ್ದು ಕೇಳು. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡು ಬಾ, ಎಲ್ಲ ರೆಕಾರ್ಡ್ ಆಗಲಿ. ನಾನು ಅಷ್ಟರಲ್ಲಿ 1919ರ ಡೈರಿಯ ದೃಢೀಕೃತ ನಕಲಿಗೆ ಅರ್ಜಿ ಹಾಕುತ್ತೇನೆ, ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಸಾಲದ ಕರಾರು ಪತ್ರ ಇದೆಯಾ ನೋಡುತ್ತೇನೆ. ಇದ್ದರೆ ಅದರ ಮೇಲೆ ಅವರ ಹೆಬ್ಬೆಟ್ಟಿನ ಗುರುತು ಇರಬಹುದು.

ನಾಡಕಚೇರಿಗೆ ಮಾಮಾ ಬರೆದ ವಂಶಾವಳಿಯನ್ನೇ ಕೊಟ್ಟೆವು, ಅವರಿಗೆ ಅಷ್ಟು ಸಾಕು. ನಾನು ಬೇರೆ ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬರೆಯುತ್ತಿದ್ದೇನೆ, ಗಂಡು ಹೆಣ್ಣು ಎಲ್ಲರದ್ದೂ. ನಿನ್ನ ಅಪ್ಪನ ಕಡೆಯ ಅಜ್ಜಿಯ ತವರಿನ ಹೆಸರುಗಳು ಅಲ್ಲಿ ಇನ್ನೂ ಖಾಲಿ ಇವೆ. ಈ ಭಾನುವಾರ ಅಜ್ಜಿಗೆ ಫೋನ್ ಮಾಡಿ ಕೇಳಿ ನನಗೆ ಬರೆದು ಕಳಿಸು. ಅವರಿಗೂ ಖುಷಿ ಆಗುತ್ತದೆ.

ಊಟ ಸರಿಯಾಗಿ ಮಾಡು.

ನಿನ್ನ ಅವ್ವ