ಅಬಕಾರಿ ಸಾಹೇಬ ಕಟ್ಟಿದ ಭಟ್ಟಿ

ಪ್ರೀತಿಯ ರಾಘು,

ಡಬ್ಲಿನ್ನಿನಲ್ಲಿ ನಿನ್ನ ಆಫೀಸು ಗ್ರ್ಯಾಂಡ್ ಕೆನಾಲ್ ಹತ್ತಿರ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ಈನಿಯಸ್ ಕಾಫಿಯ ವಿಷಯ ನಿನಗೆ ಹೇಳಬೇಕು ಅನ್ನಿಸುತ್ತಿದೆ. ಕುಡಿಯೋ ಕಾಫಿ ಅಲ್ಲ ಮಾರಾಯ, ಮನುಷ್ಯನ ಹೆಸರು. ನಮ್ಮ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕಾಕಂಬಿಯಿಂದ ಸ್ಪಿರಿಟ್ ತೆಗೆಯೋ ಕಾಲಮ್, ಅಂದರೆ ಕಂಬದಂಥ ಭಟ್ಟಿ, ಇದೆಯಲ್ಲ, ನಾನು ದಿನಾ ಎಂಟು ಗಂಟೆ ಕಾಯೋದು, ಅದು ಅವನ ಯಂತ್ರದ ವಂಶದ್ದೇ.

ಅವನು ಮೊದಲು ಅಬಕಾರಿ ಅಧಿಕಾರಿ. ಕಳ್ಳಭಟ್ಟಿ ಹಿಡಿಯೋದು ಕೆಲಸ. 1810ರಲ್ಲಿ ಐರ್ಲೆಂಡಿನ ಡೊನೆಗಾಲ್‌ನ ಕುಲ್ಡಾಫ್ ಬಳಿ ಪೊಚೀನ್, ಅಂದರೆ ಅಲ್ಲಿಯ ಕಳ್ಳಸಾರಾಯಿ, ಕಾಯಿಸುವ ಜನ ಅವನ ಮೇಲೆ ಮುಗಿಬಿದ್ದರು. ತಲೆಬುರುಡೆ ಬಿರಿಯಿತು, ಬಯೋನೆಟ್ ತೊಡೆಯಲ್ಲಿ ತೂರಿ ಆಚೆ ಬಂತು. ಆದರೂ ಕೆಲಸ ಬಿಡಲಿಲ್ಲ. ಐರ್ಲೆಂಡಿನ ಅಬಕಾರಿ ಇನ್‌ಸ್ಪೆಕ್ಟರ್ ಜನರಲ್ ಆಗಿ, 1824ರಲ್ಲಿ ರಾಜೀನಾಮೆ ಕೊಟ್ಟು, ನಿನ್ನ ಆಫೀಸಿನ ಆಸುಪಾಸಿನಲ್ಲೇ, ಗ್ರ್ಯಾಂಡ್ ಕೆನಾಲ್ ಬೀದಿಯಲ್ಲಿ, ಡಾಕ್ ಡಿಸ್ಟಿಲರಿ ನಡೆಸಿದ.

ಅಷ್ಟು ವರ್ಷ ಊರೂರ ಭಟ್ಟಿ ನೋಡಿದವನಿಗೆ ಅದರ ತಾಪತ್ರಯ ಗೊತ್ತಿತ್ತು. ತಾಮ್ರದ ಹಂಡೆಯಲ್ಲಿ ಕಾಯಿಸು, ಬಸಿ, ತೊಳೆ, ಮತ್ತೆ ತುಂಬು. ನಿಲ್ಲಿಸದೆ ಹರಿಯುವ ಭಟ್ಟಿಗೆ ಸ್ಕಾಟ್ಲೆಂಡಿನ ರಾಬರ್ಟ್ ಸ್ಟೈನ್ ಮೊದಲೇ ಕೈ ಹಾಕಿದ್ದ. ಕಾಫಿ 1830ರಲ್ಲಿ ಪೇಟೆಂಟ್ ಪಡೆದದ್ದು ಎರಡು ಕಂಬದ ಯಂತ್ರಕ್ಕೆ. ಒಂದು ಕಂಬದಲ್ಲಿ ಜರಡಿಯಂಥ ತಟ್ಟೆಗಳು. ವಾಶ್, ಅಂದರೆ ಭಟ್ಟಿಗೆ ಹಾಕುವ ಹುಳಿ ಬಂದ ರಸ, ಮೇಲಿನಿಂದ ತಟ್ಟೆ ತಟ್ಟೆ ಇಳಿಯುತ್ತೆ, ಕೆಳಗಿನಿಂದ ಏರುವ ಹಬೆ ಅದರೊಳಗಿನ ಮದ್ಯಸಾರವನ್ನು ಹೊತ್ತು ಇನ್ನೊಂದು ಕಂಬಕ್ಕೆ ಒಯ್ಯುತ್ತೆ. ಆ ಕಂಬದಲ್ಲಿ ತಣ್ಣನೆಯ ಹೊಸ ವಾಶ್ ಕೊಳವೆಯೊಳಗೆ ಸುತ್ತಿ ಸುತ್ತಿ ಇಳಿಯುತ್ತಿರುತ್ತೆ. ಬಿಸಿ ಆವಿಯಿಂದ ವಾಶ್ ಕಾಯುತ್ತೆ, ವಾಶ್‌ನಿಂದ ಆವಿ ತಣಿಯುತ್ತೆ! ಉರುವಲು ಎಷ್ಟು ಉಳಿಯಿತು ಯೋಚಿಸು. ರಾತ್ರಿ ಪಾಳಿಯಲ್ಲಿ ಕಾಲಮ್ಮಿನ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದರೆ ತಟ್ಟೆಯ ಮೇಲೆ ನೊರೆ ಕುಣಿಯೋದು ಕಾಣುತ್ತೆ. ಎಷ್ಟು ವರ್ಷವಾದರೂ ನನಗೆ ನೋಡಿ ಸಾಕಾಗಿಲ್ಲ.

ಆದರೆ ಡಬ್ಲಿನ್ನಿನ ದೊಡ್ಡ ವಿಸ್ಕಿ ಮನೆತನಗಳು, ಜೇಮ್ಸನ್, ಪವರ್, ರೋ, ಅವನ ಯಂತ್ರವನ್ನು ಒಪ್ಪಲಿಲ್ಲ. ಅದರಿಂದ ಬರೋ ಸ್ಪಿರಿಟ್ಟಿಗೆ ರುಚಿಯೇ ಇಲ್ಲ ಅಂದರು. ರುಚಿಯ ಮಾತು ಸುಳ್ಳಲ್ಲ, ಹಂಡೆಯ ವಿಸ್ಕಿಯ ಸೊಗಸೇ ಬೇರೆ. ಸ್ಕಾಟ್ಲೆಂಡಿನವರು ಮಾತ್ರ ಈ ಹಗುರ ಸ್ಪಿರಿಟ್ಟಿಗೆ ಹಂಡೆಯ ವಿಸ್ಕಿ ಬೆರೆಸಿ ಲೋಕವೆಲ್ಲ ಮಾರಿದರು. ಐರ್ಲೆಂಡಿನ ವಿಸ್ಕಿ ಮುಂದೆ ಸೊರಗಿದ್ದಕ್ಕೆ ಅಮೆರಿಕದ ಪಾನನಿಷೇಧವೂ ಕಾರಣ, ಆದರೆ ಈ ಹಟದ ಪಾಲು ಸಣ್ಣದಲ್ಲ ಅಂತಲೇ ನನ್ನ ಎಣಿಕೆ. 1970ರ ದಶಕದ ಹೊತ್ತಿಗೆ ಇಡೀ ದ್ವೀಪದಲ್ಲಿ ಉಳಿದದ್ದು ಎರಡೇ ಡಿಸ್ಟಿಲರಿ, ಮಿಡ್ಲ್‌ಟನ್ ಮತ್ತು ಬುಷ್‌ಮಿಲ್ಸ್. ಜಪಾನಿನ ನಿಕ್ಕಾ ಕಂಪನಿ ಇವತ್ತಿಗೂ ಬಾಟಲಿಯ ಮೇಲೆ ‘ಕಾಫಿ’ ಅಂತ ಅವನ ಹೆಸರು ಅಚ್ಚು ಹಾಕುತ್ತೆ.

ಒಂದು ಸಂಜೆ ಬಿಡುವು ಮಾಡಿಕೊಂಡು ಆ ಬೀದಿಯಲ್ಲಿ ನಡೆದು ಬಾ. ಅವನ ಗುರುತು ಏನಾದರೂ ಇದೆಯಾ ನೋಡಿ ಬರೆ, ಕಾಯ್ತಿರ್ತೀನಿ.

ನಿನ್ನ,
ಶಿವು